ನೆನಪನ್ನು ಗೋಡೆಯೊಳಗೆ ಇರಿಸಿಕೊಂಡ ಊರು

ಪ್ರವಾಸ ಹೊರಡುವ ನಮ್ಮವರು ಸಾಮಾನ್ಯವಾಗಿ ಎರಡು ಬಗೆಯ ಊರುಗಳನ್ನು ನೋಡಿ ಬರುತ್ತಾರೆ. ಶರಣರ, ಮಹಾತ್ಮರ ಪಾದಧೂಳಿಯಿಂದ ಪುನೀತವಾದ ಊರುಗಳು ಒಂದು ಬಗೆ. ನಿಸರ್ಗದ ಚೆಲುವಿನಿಂದ ಕಣ್ಣು ತಣಿಸುವ ಊರುಗಳು ಇನ್ನೊಂದು ಬಗೆ. ಇವೆರಡಕ್ಕೂ ಸೇರದ ಮೂರನೆಯ ಬಗೆಯ ಊರುಗಳೂ ಉಂಟು. ದೊಡ್ಡದೊಂದು ದುಃಖವನ್ನು ಉಂಡು, ಅದನ್ನು ಮರೆಯದೆ, ಅದರಲ್ಲಿ ಮುಳುಗಿಯೂ ಹೋಗದೆ ಬಾಳುತ್ತಿರುವ ಊರುಗಳವು. ಅಂಥದೊಂದು ಊರಿನಲ್ಲಿ ನಾಲ್ಕು ದಿನ ಇದ್ದು ಬರುವ ಯೋಗ ನಮಗೆ ಒದಗಿತು. ಅದು ಯುರೋಪಿನ ಆಸ್ಟ್ರಿಯಾ ದೇಶದ ಟಿರೋಲ್ ಪ್ರಾಂತದಲ್ಲಿರುವ ಗಾಲ್ಟ್ಯೂರ್ ಎಂಬ ಪುಟ್ಟ ಹಳ್ಳಿ.

ಜರ್ಮನಿಯ ಮ್ಯೂನಿಕ್ ನಗರದಿಂದ ರೈಲಿನಲ್ಲಿ ಎರಡು ಗಂಟೆ ಪ್ರಯಾಣ ಮಾಡಿದರೆ ಇನ್ಸ್‌ಬ್ರುಕ್ ಸಿಗುತ್ತದೆ. ಅಲ್ಲಿಂದ ಪಶ್ಚಿಮಕ್ಕೆ ಇನ್ನೊಂದು ರೈಲು ಹಿಡಿದು ಲಾಂಡೆಕ್ ಎಂಬಲ್ಲಿ ಇಳಿಯಬೇಕು. ಮುಂದೆ ರೈಲಿಲ್ಲ, ಬಸ್ಸು ಮಾತ್ರ. ಟ್ರಿಸಾನ್ನಾ ಎಂಬ ಹೊಳೆ ಕೊರೆದು ಮಾಡಿದ ಪಟ್ಸ್‌ನೌನ್ ಕಣಿವೆಯೊಳಗೆ ಬಸ್ಸು ತಿರುಗುವಾಗ, ಒಂದು ಹಳೆಯ ಕೋಟೆಯ ಪಕ್ಕದಲ್ಲಿ, ತಲೆಯ ಮೇಲೆ ಬಹು ಎತ್ತರದಲ್ಲಿ ರೈಲ್ವೆ ಸೇತುವೆಯೊಂದು ಕಾಣುತ್ತದೆ. ೧೮೮೪ರಲ್ಲಿ ತೆರೆದ ಆರ್ಲ್‌ಬೆರ್ಗ್ ರೈಲುಮಾರ್ಗದ ಸೇತುವೆ ಅದು. ಅದನ್ನು ದಾಟಿದ ಮೇಲೆ ಕಣಿವೆ ಕಿರಿದಾಗುತ್ತಾ ಹೋಗುತ್ತದೆ. ಎರಡೂ ಬದಿಗೆ ಕಡಿದಾದ ಬೆಟ್ಟ. ನಡುವೆ ಹೊಳೆ, ರಸ್ತೆ, ಅಲ್ಲೊಂದು ಇಲ್ಲೊಂದು ಹಳ್ಳಿ. ಝೇ, ಕಾಪ್ಲ್, ಇಷ್‌ಗಲ್ ಎಂಬ ಊರುಗಳನ್ನು ದಾಟಿ ಸುಮಾರು ಒಂದು ಗಂಟೆಯ ಮೇಲೆ ಕಣಿವೆಯ ಕೊನೆಯ ಹಳ್ಳಿಯಾದ ಗಾಲ್ಟ್ಯೂರ್ ಬರುತ್ತದೆ. ಸಮುದ್ರಮಟ್ಟದಿಂದ ೧,೫೮೪ ಮೀಟರ್ ಎತ್ತರದಲ್ಲಿರುವ ಈ ಊರಿನಿಂದ ಮುಂದೆ ಸಿಲ್ವ್ರೆಟ್ಟಾ ಪರ್ವತವನ್ನು ದಾಟುವ ಘಟ್ಟದ ರಸ್ತೆಯೊಂದಿದೆ. ಅದು ಬೇಸಿಗೆಯಲ್ಲಿ ಮಾತ್ರ ತೆರೆದಿರುತ್ತದೆ. ಚಳಿಗಾಲದಲ್ಲಿ ಬಂದ ದಾರಿಯೇ ಹೋಗುವ ದಾರಿ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ಕಥೆ ಇದರ ಮೇಲೆ ನಿಂತಿದೆ.

ಊರಿನ ಜನಸಂಖ್ಯೆ ಒಂದು ಸಾವಿರವನ್ನೂ ಮುಟ್ಟುವುದಿಲ್ಲ. ನಡುವೆ ಚೂಪು ಗೋಪುರದ ಚರ್ಚು, ಅದರ ಸುತ್ತ ಸ್ಮಶಾನ, ಅದರಾಚೆ ಇಳಿಜಾರು ಮಾಡಿನ ಮನೆಗಳು. ಹಿಂದೆ ಇವರು ದನ ಸಾಕಿ, ಹುಲ್ಲು ಕೊಯ್ದು, ಗಿಣ್ಣು ಮಾಡಿ ಬದುಕುತ್ತಿದ್ದ ಬಡ ರೈತರು. ಕಾಲಿಗೆ ಉದ್ದನೆಯ ಎರಡು ಹಲಗೆಗಳನ್ನು ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಸ್ಕೀ ಎಂಬ ಆಟ ಇಪ್ಪತ್ತನೆಯ ಶತಮಾನದಲ್ಲಿ ಜನಪ್ರಿಯವಾದ ಮೇಲೆ ಊರಿನ ದೆಸೆ ತಿರುಗಿತು. ಮೊದಲು ಯಾವ ಹಿಮ ಇವರನ್ನು ಆರು ತಿಂಗಳು ಮನೆಯೊಳಗೆ ಕೂಡಿಹಾಕುತ್ತಿತ್ತೋ ಅದೇ ಹಿಮ ಅನ್ನದಾತವಾಯಿತು. ಈಗ ಬಹುಮಟ್ಟಿಗೆ ಪ್ರತಿಯೊಂದು ಮನೆಯೂ ಅತಿಥಿಗೃಹವೇ. ಆದರೂ ದನದ ಕೊಟ್ಟಿಗೆಗಳು ಅಳಿದಿಲ್ಲ. ಪ್ರತಿ ಶರತ್ಕಾಲದಲ್ಲಿ ಬೆಟ್ಟದ ಗಿಣ್ಣಿನ ದೊಡ್ಡ ಸ್ಪರ್ಧೆಯೊಂದು ಈ ಊರಿನಲ್ಲೇ ನಡೆಯುತ್ತದೆ.

ಕೃಷಿಭೂಮಿ ಎಂಬರ್ಥದ ಹಳೆಯ ಲ್ಯಾಟಿನ್ ಶಬ್ದದಿಂದ ಗಾಲ್ಟ್ಯೂರ್ ಎಂಬ ಹೆಸರು ಬಂದಿತೆಂದು ಹೇಳುತ್ತಾರೆ. ದಕ್ಷಿಣದ ಬೆಟ್ಟದಾಚೆ, ಇಂದಿನ ಸ್ವಿಟ್ಜರ್ಲೆಂಡಿಗೆ ಸೇರಿದ ಎಂಗಾದೀನ್ ಸೀಮೆಯಿಂದ ಬಂದ ಜನ ಮೊದಲು ಇಲ್ಲಿ ದನ ಮೇಯಿಸಿದರು. ಹದಿನಾಲ್ಕನೆಯ ಶತಮಾನದಲ್ಲಿ ವಾಲ್ಸರ್ ಎಂಬ ಬೆಟ್ಟದ ಒಕ್ಕಲುಗಳು ಬಂದು ಸೇರಿದರು. ಊರಿಗೆ ತನ್ನದೇ ಆದ ಚರ್ಚು ಪ್ರತಿಷ್ಠೆಯಾದದ್ದು ೧೩೮೩ರಲ್ಲಿ. ಅದಕ್ಕೆ ಮೊದಲು ಇವರ ಧರ್ಮಕಾರ್ಯಗಳಿಗೆಲ್ಲ ಬೆಟ್ಟದಾಚೆಯ ಆರ್ಡೆಟ್ಸ್ ಗ್ರಾಮವೇ ಗತಿ. ಯಾರಾದರೂ ತೀರಿಕೊಂಡರೆ ಎರಡು ಸಾವಿರದ ಏಳುನೂರು ಮೀಟರಿಗೂ ಮೀರಿದ ಫುಚೋಲ್ ಕಣಿವೆದಾರಿಯನ್ನು ಹತ್ತಿ ಇಳಿದು, ಹೆಣವನ್ನು ಹೊತ್ತು ಅಲ್ಲಿಗೆ ಒಯ್ಯಬೇಕಾಗಿತ್ತು. ಚಳಿಗಾಲದಲ್ಲಿ ತೀರಿಕೊಂಡವರನ್ನು ಹಿಮದಲ್ಲಿ ಕಾಪಿಟ್ಟು, ವಸಂತದಲ್ಲಿ ದಾರಿ ತೆರೆದ ಮೇಲೆ ಒಯ್ಯುತ್ತಿದ್ದರೆಂದು ಊರಿನ ಐತಿಹ್ಯ. ಅಮೆರಿಕದ ಪ್ರಸಿದ್ಧ ಲೇಖಕ ಹೆಮಿಂಗ್ವೆ ಈ ಪರ್ವತಗಳಲ್ಲಿ ಚಳಿಗಾಲ ಕಳೆದಿದ್ದರು. ಹಿಮ ಕರಗುವವರೆಗೆ ಹೆಂಡತಿಯ ಶವವನ್ನು ಮನೆಯಲ್ಲೇ ಇಟ್ಟುಕೊಂಡ ರೈತನೊಬ್ಬನನ್ನು ಕುರಿತ ಅವರ ಸಣ್ಣಕಥೆಯೊಂದರ ಹಿನ್ನೆಲೆ ಗಾಲ್ಟ್ಯೂರೇ. ಅದು ೧೯೨೭ರಲ್ಲಿ ಪ್ರಕಟವಾಯಿತು.

ತೀರಿಕೊಂಡವರನ್ನು ಮಣ್ಣಿಗೆ ಒಪ್ಪಿಸಲು ಕಾಯಬೇಕಾದ ಸಂಕಟ ಏನೆಂಬುದು ನಮಗೆ ತಿಳಿಯದ್ದಲ್ಲ. ನಾವು ಈ ಊರಿಗೆ ಹೋದ ಕಾರಣವೇ ಅದು.

ನಾವು ಹೋದ ಕಾರಣ

ನಮ್ಮ ಮಗಳು ಮ್ಯೂನಿಕ್ ನಗರದಲ್ಲಿ ಉದ್ಯೋಗದಲ್ಲಿದ್ದಾಳೆ. ಅಳಿಯಂದಿರೂ ಅಲ್ಲಿಯೇ ಇದ್ದರು. ಮೂರು ವರ್ಷಗಳ ಹಿಂದೆ, ವಯಸ್ಸು ನಲವತ್ತು ತುಂಬುವ ಮೊದಲೇ, ಒಂದು ಬೆಳಗಿನ ಜಾವ ಹೃದಯಾಘಾತದಿಂದ ಅವರು ಲಿಂಗೈಕ್ಯರಾದರು. ಕಾಗದಪತ್ರಗಳ ಕೆಲಸ ಮುಗಿದು ಪಾರ್ಥಿವ ಶರೀರ ಸ್ವಂತ ಊರಿಗೆ ಬರಲು ಏಳು ದಿನಗಳು ಹಿಡಿದವು. ಆ ಏಳು ದಿನ ಇಲ್ಲಿ ಮುದಿ ತಂದೆತಾಯಿ ಬಾಗಿಲಲ್ಲಿ ಕುಳಿತಿದ್ದರು. ಅಲ್ಲಿ ನಮ್ಮ ಮಗಳು ಐದು ವರ್ಷದ ಮಗುವನ್ನು ಕಟ್ಟಿಕೊಂಡು ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ ಅಲೆದಿದ್ದಳು. ಕೊನೆಗೆ ಅವರ ಹೊಲದಲ್ಲಿ, ಹಿರಿಯರ ಸಮಾಧಿಗಳ ಮಗ್ಗುಲಲ್ಲಿ ಕ್ರಿಯಾಸಮಾಧಿಯಾಯಿತು.

ತಿಂಗಳಾದ ಮೇಲೆ ಮಗಳು ಮಗುವಿನೊಂದಿಗೆ ಮ್ಯೂನಿಕ್‌ಗೆ ಮರಳಿದಳು. ಬಂಧುಗಳಿಗೆ ಇದು ಸರಿ ಕಾಣಲಿಲ್ಲ. ಹೆಣ್ಣುಮಗಳು ಪರದೇಶದಲ್ಲಿ ಒಬ್ಬಳೇ ಹೇಗಿದ್ದಾಳು, ಆ ಮನೆಯಲ್ಲಿ ಅವಳಿಗೆ ನೆನಪೇ ಮುಳ್ಳಾಗುವುದಿಲ್ಲವೇ, ಮರಳಿ ಕರೆತಂದರೆ ಎಲ್ಲರ ನಡುವೆ ಮರೆತಾಳು ಎಂದು ಹೇಳದವರಿಲ್ಲ. ಅವರ ಮಾತಿನಲ್ಲಿ ಕಾಳಜಿಯೇ ಇತ್ತು. ನಮಗೂ ವಯಸ್ಸಾಗುತ್ತಿದೆ, ಮಗಳು ಕಣ್ಣಮುಂದೆ ಇರಲಿ ಎಂಬ ಆಸೆ ಇಲ್ಲದಿದ್ದೀತೇ? ಹೀಗಾಗಿ ಕಳೆದ ವರ್ಷ ಮಾರ್ಚ್ ತಿಂಗಳಲ್ಲಿ ಅವಳನ್ನು ಒಪ್ಪಿಸಿ ಕರೆತರಬೇಕೆಂದು ನಾವು ದಂಪತಿಗಳು ಹೊರಟೆವು. ಅವಳು ನಮ್ಮ ಮಾತನ್ನೆಲ್ಲ ಸಮಾಧಾನದಿಂದ ಕೇಳಿದಳು. ಒಪ್ಪುತ್ತೇನೆ ಎನ್ನಲಿಲ್ಲ, ಇಲ್ಲವೆನ್ನಲೂ ಇಲ್ಲ. “ಅಪ್ಪಾ, ಮೊದಲ ನಾಲ್ಕು ದಿನ ಗಾಲ್ಟ್ಯೂರಿಗೆ ಹೋಗಿ ಬರೂಣು. ಆಮ್ಯಾಲೆ ಮಾತಾಡೂಣು,” ಎಂದಳು.

ಮದುವೆಯಾದ ಮೊದಲ ವರ್ಷದಿಂದ ಪ್ರತಿ ಚಳಿಗಾಲದಲ್ಲಿ ಒಂದು ವಾರ ಅವರಿಬ್ಬರೂ ಈ ಊರಿಗೆ ಬರುತ್ತಿದ್ದರಂತೆ. ಸ್ಕೀ ಆಡುವುದನ್ನು ಅಳಿಯಂದಿರು ಇಲ್ಲಿ ಕಲಿತು, ಆಮೇಲೆ ಅವಳಿಗೂ ಕಲಿಸಿದ್ದರು. ಅವರು ಹೋದ ಮೇಲೆ ಅವಳು ಇತ್ತ ಸುಳಿದಿರಲಿಲ್ಲ.

ಬಸ್ಸಿಳಿದಾಗ ಸಂಜೆಯಾಗಿತ್ತು. ತಂಗಿದ ಮನೆಯ ಒಡತಿ ಮಗಳ ಗುರುತು ಹಿಡಿದು, ಹಿಂದೆ ಯಾರಿಲ್ಲವೆಂಬುದನ್ನು ಕಂಡು, ಏನೂ ಕೇಳದೆ ಅವಳ ಕೈಯನ್ನು ಬಹಳ ಹೊತ್ತು ಹಿಡಿದುಕೊಂಡು ನಿಂತರು. ಅನಂತರ ಮಗುವಿಗೆ ಬಿಸಿ ಹಾಲು ತಂದರು. ನಾವು ಸಸ್ಯಾಹಾರಿಗಳೆಂದು ತಿಳಿದ ಮೇಲೆ ನಾಲ್ಕು ದಿನವೂ ಬೇಯಿಸಿದ ಆಲೂಗಡ್ಡೆ, ಬ್ರೆಡ್ಡು, ಬೆಣ್ಣೆ, ಗಿಣ್ಣು, ಸೊಪ್ಪಿನ ಸಾರು ತಪ್ಪಲಿಲ್ಲ. ಜೊತೆಗೆ ನಾವು ಊರಿಂದ ಕಟ್ಟಿ ಒಯ್ದಿದ್ದ ಕಟಕರೊಟ್ಟಿ, ಶೇಂಗಾ ಚಟ್ನಿಪುಡಿಗಳಿದ್ದವು. ಬೆಳಿಗ್ಗೆ ಪೂಜೆಗೆ ಕುಳಿತಾಗ ಕಿಟಕಿಯ ಹೊರಗೆ ಬೆಟ್ಟದ ತುದಿ ವಿಭೂತಿ ಬಳಿದಂತೆ ಬೆಳ್ಳಗೆ ಕಾಣುತ್ತಿತ್ತು.

೧೯೯೯ರ ಫೆಬ್ರವರಿ ೨೩

ನೋಡಲು ಅಷ್ಟು ಶಾಂತವಾದ ಆ ಬೆಟ್ಟವೇ ಒಂದು ದಿನ ಊರಿನ ಮೇಲೆ ಇಳಿದು ಬಂದಿತ್ತು.

೧೯೯೯ರ ಜನವರಿಯ ಕೊನೆಯಿಂದ ಆಲ್ಪ್ಸ್ ಪರ್ವತಗಳಲ್ಲಿ ಒಂದರ ಹಿಂದೊಂದು ಬಿರುಗಾಳಿ ಬೀಸತೊಡಗಿತು. ವಾಯವ್ಯದಿಂದ ಬಂದ ಆ ಗಾಳಿ ಮೂರ್ನಾಲ್ಕು ವಾರಗಳಲ್ಲಿ ಸುಮಾರು ನಾಲ್ಕು ಮೀಟರ್ ಹಿಮವನ್ನು ಸುರಿಯಿತು. ಫ್ರಾನ್ಸಿನ ಶಾಮೊನಿ ಬಳಿ ಫೆಬ್ರವರಿ ೯ರಂದು ಹಿಮ ಕುಸಿದು ಹನ್ನೆರಡು ಜನ ಮಡಿದರು. ಪಟ್ಸ್‌ನೌನ್ ಕಣಿವೆಯ ಏಕೈಕ ರಸ್ತೆ ಅಪಾಯದ ಕಾರಣ ಮುಚ್ಚಿತು. ಗಾಲ್ಟ್ಯೂರಿನಲ್ಲಿ ಊರಿನವರಿಗಿಂತ ಹಲವು ಪಟ್ಟು ಹೆಚ್ಚು ಅತಿಥಿಗಳು ಸಿಕ್ಕಿಕೊಂಡರು. ಊರಿನ ಒಳಗೆ ಭಯವಿಲ್ಲ ಎಂಬುದೇ ಎಲ್ಲರ ನಂಬಿಕೆಯಾಗಿತ್ತು.

ಹಿಮ ಕುಸಿಯುವ ಬಗೆಯನ್ನು ಎರಡು ಮಾತಿನಲ್ಲಿ ಹೇಳಬಹುದು. ಬೆಟ್ಟದ ಮೇಲೆ ಹಿಮ ಒಂದೇ ರಾಶಿಯಾಗಿ ಕೂರುವುದಿಲ್ಲ. ಪದರ ಪದರವಾಗಿ ಕೂರುತ್ತದೆ. ನಡುವೆ ಬಿಸಿಲಿಗೆ ಸ್ವಲ್ಪ ಕರಗಿ ಮತ್ತೆ ಹೆಪ್ಪುಗಟ್ಟಿದರೆ ಗಾಜಿನಂಥ ಪದರವಾಗುತ್ತದೆ. ಅದರ ಮೇಲೆ ಬಿದ್ದ ಹೊಸ ಹಿಮಕ್ಕೆ ಗಟ್ಟಿ ಹಿಡಿತವಿರುವುದಿಲ್ಲ. ಗಾಳಿಯು ಬೆಟ್ಟದ ಆಚೆಯ ಹಿಮವನ್ನೂ ತಂದು ಈಚೆಗೆ ಪೇರಿಸಿದಾಗ ಭಾರ ಮಿತಿಮೀರಿ, ಇಡೀ ಹಾಸು ಒಮ್ಮೆಲೇ ಕಳಚಿಕೊಳ್ಳುತ್ತದೆ. ಇಳಿಯುತ್ತಾ ಅದು ಗಾಳಿಯೊಂದಿಗೆ ಬೆರೆತು ಹಿಟ್ಟಿನಂತೆ ಮೋಡವಾಗಿ ಏಳುತ್ತದೆ. ಆ ಮೋಡದ ವೇಗ ಗಂಟೆಗೆ ಇನ್ನೂರು ಕಿಲೋಮೀಟರನ್ನು ಮೀರಬಲ್ಲದು.

ಫೆಬ್ರವರಿ ೨೩, ಮಂಗಳವಾರ, ಮಧ್ಯಾಹ್ನ ಸುಮಾರು ನಾಲ್ಕು ಗಂಟೆಗೆ ಊರಿನ ಉತ್ತರದ ಬೆಟ್ಟದಿಂದ ಹಿಮ ಕಳಚಿತು. ಒಂದು ನಿಮಿಷ ಕಳೆಯುವುದರೊಳಗೆ ಅದು ಊರೊಳಗಿತ್ತು. ಸುರಕ್ಷಿತವೆಂದು ಗುರುತು ಹಾಕಿದ್ದ ಜಾಗದ ಮನೆಗಳೂ ಒಡೆದವು. ಕಾರುಗಳು ಆಟಿಕೆಯಂತೆ ಉರುಳಿದವು. ಬೀದಿಯಲ್ಲಿದ್ದವರೂ ಮನೆಯಲ್ಲಿದ್ದವರೂ ಹೂತುಹೋದರು. ಹಿಮದಡಿ ಸಿಕ್ಕವರನ್ನು ಮೊದಲ ಹತ್ತು ನಿಮಿಷದಲ್ಲಿ ತೆಗೆದರೆ ಹತ್ತರಲ್ಲಿ ಒಂಬತ್ತು ಜನ ಉಳಿಯುತ್ತಾರೆ. ಅರ್ಧ ಗಂಟೆಯಾದರೆ ಬಹುಪಾಲು ಜನ ಉಳಿಯುವುದಿಲ್ಲ. ರಸ್ತೆ ಇಲ್ಲ, ಬಿರುಗಾಳಿಯಲ್ಲಿ ಹೆಲಿಕಾಪ್ಟರ್ ಹಾರುವಂತಿಲ್ಲ. ಹೊರಗಿನ ನೆರವು ಬಂದದ್ದು ಮರುದಿನ ಬೆಳಿಗ್ಗೆ. ಆ ರಾತ್ರಿ ಇಡೀ ಊರಿನವರೂ ಅತಿಥಿಗಳೂ ಕೂಡಿ, ಸಲಿಕೆ ಹಿಡಿದು, ಉದ್ದನೆಯ ಸಲಾಕೆಗಳಿಂದ ಹಿಮವನ್ನು ಚುಚ್ಚಿ ಚುಚ್ಚಿ ಹುಡುಕಿದರು. ಕೆಲವರು ಜೀವಂತವಾಗಿ ಸಿಕ್ಕರು. ಮೂವತ್ತೊಂದು ಜನ ಉಳಿಯಲಿಲ್ಲ. ಅವರಲ್ಲಿ ಹೆಚ್ಚಿನವರು ಹೊರಗಿನಿಂದ ಬಂದಿದ್ದ ಅತಿಥಿಗಳು, ಮಕ್ಕಳೂ ಸೇರಿದಂತೆ. ಮರುದಿನ ಪಕ್ಕದ ವಾಲ್ಟ್ಸೂರ್ ಎಂಬ ಕೇರಿಯ ಮೇಲೆ ಇನ್ನೊಂದು ಹಿಮಕುಸಿತವಾಗಿ ಏಳು ಜನ ತೀರಿಕೊಂಡರು. ಒಟ್ಟು ಮೂವತ್ತೆಂಟು.

ಮುಂದಿನ ಕೆಲವು ದಿನಗಳಲ್ಲಿ ಆಸ್ಟ್ರಿಯಾ, ಜರ್ಮನಿ, ಅಮೆರಿಕ ಮೊದಲಾದ ದೇಶಗಳ ಹೆಲಿಕಾಪ್ಟರ್‌ಗಳು ಕಣಿವೆಯಿಂದ ಸುಮಾರು ಹನ್ನೆರಡು ಸಾವಿರ ಜನರನ್ನು ಹೊತ್ತು ಹೊರಸಾಗಿಸಿದವು. ಅತಿಥಿಗಳೆಲ್ಲ ಹೋದರು. ಒಡೆದ ಮನೆ, ಹಿಮದ ರಾಶಿ ಮತ್ತು ಊರಿನವರು ಉಳಿದರು.

ಗೋಡೆ

ಊರಿನವರ ದುಃಖ ಎರಡು ಮಡಿಯಾಗಿತ್ತು. ತಮ್ಮವರನ್ನು ಕಳೆದುಕೊಂಡದ್ದು ಒಂದು; ತಮ್ಮನ್ನು ನಂಬಿ ಮನೆಗೆ ಬಂದವರು ತಮ್ಮ ಮನೆಯಲ್ಲಿ ಮಡಿದರಲ್ಲ ಎಂಬುದು ಇನ್ನೊಂದು. ಅತಿಥಿಯ ಯೋಗಕ್ಷೇಮ ಮನೆಯವನ ಹೊಣೆ ಎಂದು ತಿಳಿದ ನಮ್ಮ ಜನರಿಗೆ ಈ ಎರಡನೆಯ ನೋವಿನ ತೂಕವನ್ನು ವಿವರಿಸಿ ಹೇಳಬೇಕಾಗಿಲ್ಲ.

ಆಮೇಲೆ ಪ್ರಶ್ನೆಗಳು ಎದ್ದವು. ಆಸ್ಟ್ರಿಯಾದಲ್ಲಿ ಬೆಟ್ಟದ ಊರುಗಳಿಗೆಲ್ಲ ಅಪಾಯದ ನಕಾಶೆಗಳಿರುತ್ತವೆ. ಕೆಂಪು ಬಳಿದ ಜಾಗದಲ್ಲಿ ಮನೆ ಕಟ್ಟುವಂತಿಲ್ಲ. ಹಳದಿಯಲ್ಲಿ ಗೋಡೆಯನ್ನು ಬಲಪಡಿಸಿ ಕಟ್ಟಬಹುದು. ನೂರೈವತ್ತು ವರ್ಷಕ್ಕೊಮ್ಮೆ ಬರಬಹುದಾದ ಹಿಮಕುಸಿತವನ್ನು ಲೆಕ್ಕ ಹಿಡಿದು ಈ ಗೆರೆಗಳನ್ನು ಎಳೆದಿದ್ದರು. ಆ ದಿನ ಬಂದದ್ದು ಆ ಗೆರೆಗಳಿಗೆ ನಿಲ್ಲಲಿಲ್ಲ. ಆದ್ದರಿಂದ ನಿಯಮವನ್ನೇ ಬಿಗಿಗೊಳಿಸಿದರು. ಮೊದಲು ಚದರ ಮೀಟರಿಗೆ ಸುಮಾರು ಎರಡೂವರೆ ಟನ್ ಒತ್ತಡ ಬೀಳಬಹುದಾದ ಜಾಗ ಮಾತ್ರ ಕೆಂಪಾಗಿತ್ತು. ಅನಂತರ ಸುಮಾರು ಒಂದು ಟನ್ ಒತ್ತಡ ಬೀಳುವ ಜಾಗವೂ ಕೆಂಪಿಗೆ ಸೇರಿತು. ಮೇಲಿನ ಬೆಟ್ಟದಲ್ಲಿ, ಹಿಮ ಕಳಚುವ ಸ್ಥಳದಲ್ಲೇ ಅದನ್ನು ಹಿಡಿದು ನಿಲ್ಲಿಸುವ ಉಕ್ಕಿನ ತಡೆಗಳು ಸಾಲುಸಾಲಾಗಿ ನಿಂತವು. ೨೦೧೮ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು, ೨೦೨೪ರ ಜುಲೈಯಲ್ಲಿ ಅಂಕೋಲೆಯ ಶಿರೂರಿನ ಗುಡ್ಡ ಕುಸಿದುದನ್ನು ಕಂಡ ನಮ್ಮ ನಾಡಿಗೂ ಇಂಥ ನಕಾಶೆಯ ಅಗತ್ಯ ಎಷ್ಟೆಂಬುದನ್ನು ಬಲ್ಲವರು ಯೋಚಿಸಬೇಕು.

ಊರಿನ ಅಂಚಿನಲ್ಲಿ ದೊಡ್ಡದೊಂದು ತಡೆಗೋಡೆ ಎದ್ದಿತು. ಉದ್ದ ೩೪೫ ಮೀಟರ್. ಎತ್ತರ ಕೆಲವೆಡೆ ೧೯ ಮೀಟರ್, ಅಂದರೆ ನಮ್ಮ ಆರು ಅಂತಸ್ತಿನ ಕಟ್ಟಡದಷ್ಟು. ಬೆಟ್ಟದ ಕಡೆಯಿಂದ ನೋಡಿದರೆ ಅದು ಕೋಟೆಯ ಗೋಡೆಯೇ. ಆದರೆ ಊರಿನ ಕಡೆಗೆ ಬಂದರೆ ಅದಕ್ಕೆ ಬಾಗಿಲುಗಳಿವೆ! ಊರಿನವರು ಆ ಗೋಡೆಯನ್ನು ಬರಿಯ ಗೋಡೆಯಾಗಿ ಬಿಡಲಿಲ್ಲ. ಅದರೊಳಗೆ ಆಲ್ಪಿನಾರಿಯುಮ್ ಎಂಬ ವಸ್ತುಸಂಗ್ರಹಾಲಯವನ್ನು ಕಟ್ಟಿ ೨೦೦೩ರಲ್ಲಿ ತೆರೆದರು. ಒಳಗೆ ಊರಿನ ಹಳೆಯ ಬಾಳು, ಬೆಟ್ಟದೊಂದಿಗೆ ಮನುಷ್ಯನ ಸಹವಾಸ, ಹಿಮದ ಗುಣ, ಆ ದಿನದ ಘಟನೆ, ಎಲ್ಲವೂ ಇವೆ. ಹತ್ತುವ ಆಟದ ಗೋಡೆಯೂ ಇದೆ, ಕೂತು ಬಿಸಿ ಪಾನೀಯ ಕುಡಿಯುವ ಜಾಗವೂ ಇದೆ.

ಎರಡನೆಯ ದಿನ ಮೊಮ್ಮಗನನ್ನು ಮಕ್ಕಳ ಸ್ಕೀ ತರಗತಿಗೆ ಬಿಟ್ಟು ನಾವು ಮೂವರೂ ಅಲ್ಲಿಗೆ ಹೋದೆವು. ಫಲಕಗಳ ಮೇಲಿನ ಜರ್ಮನ್ ಬರಹವನ್ನು ಮಗಳು ಓದಿ ಓದಿ ಹೇಳುತ್ತಿದ್ದಳು. ಓದುತ್ತಾ ಓದುತ್ತಾ ಒಮ್ಮೆ ನಿಲ್ಲಿಸಿದಳು. ಅವಳ ತಾಯಿ ಅವಳ ಹೆಗಲ ಮೇಲೆ ಕೈಯಿಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಅವಳೇ ಮುಂದಿನ ಫಲಕಕ್ಕೆ ನಡೆದಳು.

ಹೊರಗೆ ಬಂದು ಚರ್ಚಿನ ಸ್ಮಶಾನಕ್ಕೆ ಹೋದೆವು. ಅಲ್ಲಿಯ ಸಮಾಧಿಗಳೆಲ್ಲ ಹಿಮದಲ್ಲಿ ಅರ್ಧ ಮುಳುಗಿದ್ದವು. ಆದರೂ ಹಲವು ಸಮಾಧಿಗಳ ಮುಂದೆ ಹಿಮವನ್ನು ಸರಿಸಿ ಗಾಜಿನ ಗೂಡಿನಲ್ಲಿ ದೀಪ ಹಚ್ಚಿಟ್ಟಿದ್ದರು. ಶಾಲೆಗೆ ಹೋಗುವ ಮಕ್ಕಳು, ಅಂಗಡಿಗೆ ಹೊರಟ ಹೆಂಗಸರು ಆ ದೀಪಗಳ ಪಕ್ಕದಲ್ಲೇ ಹಾದು ಹೋಗುತ್ತಿದ್ದರು. ಸತ್ತವರ ಜಾಗ ಊರ ಹೊರಗಿಲ್ಲ, ಬದುಕಿನ ನಟ್ಟನಡುವೆ ಇದೆ. ಹಿರಿಯರ ಸಮಾಧಿಯನ್ನು ಉಳುವ ಹೊಲದಲ್ಲೇ ಕಟ್ಟಿ, ಬಿತ್ತುವ ಮೊದಲು ಅಲ್ಲೊಂದು ಊದಿನಕಡ್ಡಿ ಹಚ್ಚುವ ನಮ್ಮ ಒಕ್ಕಲುತನದ ಮನೆಗಳಿಗೆ ಇದು ಹೊಸತಾಗಿ ಕಾಣಲಾರದು.

ನಾವು ಅಲ್ಲಿ ಕೇಳಿದೆವು: “ಇಷ್ಟೆಲ್ಲ ಆದ ಮೇಲೆ ಇವರು ಯಾಕೆ ಈ ಊರನ್ನು ಬಿಟ್ಟು ಹೋಗಲಿಲ್ಲ?”

ಮಗಳು ತಕ್ಷಣ ಉತ್ತರಿಸಲಿಲ್ಲ. ಮನೆಯ ಹತ್ತಿರ ಬಂದಾಗ ಹೇಳಿದಳು: “ಇವರ ದನ ಇಲ್ಲೇ ಅದಾವ, ಮನಿ ಇಲ್ಲೇ ಅದ, ಮಕ್ಕಳ ಸಾಲಿ ಇಲ್ಲೇ ಅದ. ದುಃಖ ಎಲ್ಲಿ ಹೋದ್ರೂ ಬೆನ್ನ ಹತ್ತಿ ಬರತದ ಅಪ್ಪಾ. ಬದುಕು ಹಂಗಲ್ಲ, ಅದನ್ನ ಬಿಟ್ಟು ಹೋದ್ರ ಅದು ಅಲ್ಲೇ ಉಳೀತದ.”

ಆ ಸಂಜೆ ಅದರ ಮೇಲೆ ಯಾರೂ ಮಾತಾಡಲಿಲ್ಲ.

ಬೇರಿನ ಪಾಲು

ದೊಡ್ಡ ದುಃಖ ಬಂದ ಊರಿನಲ್ಲಿ ಹಳೆಯ ಪದ್ಧತಿಗಳು ಹೇಗೆ ಆಸರೆಯಾಗುತ್ತವೆ ಎಂಬುದಕ್ಕೆ ಒಂದು ಉದಾಹರಣೆ ಹೇಳಬೇಕು. ಈ ಬೆಟ್ಟಗಳ ಮೇಲೆ ಎಂಟ್ಸಿಯಾನ್ ಎಂಬ ಕಹಿಬೇರಿನ ಗಿಡ ಬೆಳೆಯುತ್ತದೆ. ಹೊಟ್ಟೆಯ ಬಾಧೆಗಳಿಗೆ ಅದು ಮದ್ದೆಂದು ಜನ ನಂಬಿದ್ದಾರೆ. ಅದರಿಂದ ಕಟುವಾದ ಪಾನೀಯವನ್ನೂ ಇಳಿಸುತ್ತಾರೆ. ಗಿಡ ನಿಧಾನವಾಗಿ ಬೆಳೆಯುವಂಥದು, ಕಾನೂನಿನ ರಕ್ಷಣೆಯುಳ್ಳದ್ದು. ಆದ್ದರಿಂದ ಬೇಕಾದವರು ಬೇಕಾದಷ್ಟು ಅಗೆಯುವಂತಿಲ್ಲ. ಪ್ರತಿ ಸೆಪ್ಟೆಂಬರಿನಲ್ಲಿ ಊರ ಹಬ್ಬದ ಸಮಯಕ್ಕೆ ಚೀಟಿ ಎತ್ತುತ್ತಾರೆ. ಹದಿಮೂರು ಪಾಲು ಮಾತ್ರ. ಒಂದೊಂದು ಪಾಲಿಗೆ ನೂರು ಕಿಲೋ ಬೇರು. ಚೀಟಿ ಬಂದ ಮನೆಯವರು ಅಗೆಯುತ್ತಾರೆ, ಉಳಿದವರು ಮುಂದಿನ ವರ್ಷಕ್ಕೆ ಕಾಯುತ್ತಾರೆ. ಈ ಜ್ಞಾನ ಮತ್ತು ಪದ್ಧತಿಯನ್ನು ಆಸ್ಟ್ರಿಯಾ ದೇಶ ೨೦೧೩ರಲ್ಲಿ ತನ್ನ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿದೆ.

ನಮಗೆ ಇದು ಬಹಳ ಮನಸ್ಸಿಗೆ ಬಂದಿತು. ಬೆಟ್ಟ ಇವರಿಂದ ಕಸಿದುಕೊಂಡಿದೆ. ಆದರೂ ಇವರು ಬೆಟ್ಟದ ಮೇಲೆ ಹಗೆ ಸಾಧಿಸಲಿಲ್ಲ, ಅದರಿಂದ ಮಿತಿಮೀರಿ ಕಿತ್ತುಕೊಳ್ಳಲೂ ಇಲ್ಲ. ಹಿಮವನ್ನು ತಡೆಯಲು ಗೋಡೆ ಕಟ್ಟಿದರು. ಅದೇ ಹಿಮದ ಮೇಲೆ ತಮ್ಮ ಮಕ್ಕಳಿಗೆ ಜಾರುವುದನ್ನು ಕಲಿಸಿದರು. ಅತಿಥಿಗಳಿಗೆ ಮತ್ತೆ ಬಾಗಿಲು ತೆರೆದರು. ಎಚ್ಚರಿಕೆ ಮತ್ತು ಪ್ರೀತಿ ಒಂದೇ ಮನೆಯಲ್ಲಿ ಇರಬಲ್ಲವೆಂಬುದನ್ನು ಆ ಊರಿನಲ್ಲಿ ಕಂಡೆವು.

ಮೂರನೆಯ ದಿನ ಬಿಸಿಲು ಬಿದ್ದಿತ್ತು. ಊರಿನಿಂದ ಮೇಲೆ ವಿರ್ಲ್ ಎಂಬಲ್ಲಿ ಸ್ಕೀ ಇಳಿಜಾರುಗಳಿವೆ. ಅಲ್ಲಿಗೆ ಬಸ್ಸಿನಲ್ಲಿ ಹೋದೆವು. ಮೊಮ್ಮಗ ತನ್ನ ವಾರಗೆಯ ಮಕ್ಕಳೊಂದಿಗೆ ಸಾಲಾಗಿ ಜಾರುತ್ತಾ, ಬೀಳುತ್ತಾ, ತಾನೇ ಏಳುತ್ತಾ ಇದ್ದ. ಬಿದ್ದಾಗ ಎತ್ತಲು ಅವನ ಅಜ್ಜಿ ಎರಡು ಸಲ ಎದ್ದು ನಿಂತಳು. ಗುರುವಾಗಿದ್ದ ಹುಡುಗಿ ಕೈಯಾಡಿಸಿ ಬೇಡವೆಂದಳು. ಮಗಳು ನಮ್ಮ ಜೊತೆ ಕುಳಿತು ಬಹಳ ಹೊತ್ತು ಬೆಟ್ಟವನ್ನೇ ನೋಡುತ್ತಿದ್ದಳು. ಆಮೇಲೆ ಎದ್ದು ಹೋಗಿ ಬಾಡಿಗೆಗೆ ಹಲಗೆಗಳನ್ನು ತಂದಳು. ತಂತಿಯ ಮೇಲೆ ಸಾಗುವ ಕುರ್ಚಿಯಲ್ಲಿ ಒಬ್ಬಳೇ ಕುಳಿತು ಮೇಲೆ ಹೋದಳು. ಅವಳು ಕಣ್ಣಿಗೆ ಚುಕ್ಕೆಯಾಗುವವರೆಗೂ ನಾವು ನೋಡಿದೆವು. ಮೇಲಿನಿಂದ ಇಳಿಯುವಾಗ ಮೊದಲು ನಿಧಾನವಾಗಿ, ನಿಂತು ನಿಂತು ಬಂದಳು. ಕೊನೆಯ ತಿರುವಿನಲ್ಲಿ ನಿಲ್ಲಲಿಲ್ಲ. ಹತ್ತಿರ ಬಂದಾಗ ಮುಖ ಒದ್ದೆಯಾಗಿತ್ತು. “ಅವ್ವಾ, ಚಹಾ ಕುಡಿಯೂಣ ನಡಿ,” ಎಂದಳು. ಆ ದಿನ ಚಹಾ ಕುಡಿಯುತ್ತಾ ಅಳಿಯಂದಿರು ಮೊದಲ ಸಲ ಸ್ಕೀ ಕಲಿಯುವಾಗ ಬೇಲಿಗೆ ಹೋಗಿ ಗುದ್ದಿದ ಕಥೆಯನ್ನು ಅವಳೇ ಹೇಳಿದಳು. ಅವರು ಹೋದ ಮೇಲೆ ಮೊಮ್ಮಗ ತನ್ನ ತಂದೆಯ ಹೆಸರು ಕೇಳಿ ನಕ್ಕದ್ದನ್ನು ನಾವು ಕಂಡದ್ದು ಅದೇ ಮೊದಲು.

ಮನೆಗಳಿಗೆ ಒಂದು ಮಾತು

ಮಗಳು ಸದ್ಯ ಮ್ಯೂನಿಕ್‌ನಲ್ಲೇ ಇದ್ದಾಳೆ. ಬೇಸಿಗೆ ರಜೆಯಲ್ಲಿ ಮಗುವಿನೊಂದಿಗೆ ಬಂದು ಆರು ವಾರ ಇದ್ದು, ಹೊಲದ ಸಮಾಧಿಗೆ ಹೂವು ಏರಿಸಿ ಹೋದಳು. ಮುಂದೆ ಬರುವುದೋ ಅಲ್ಲಿಯೇ ಇರುವುದೋ ಎಂಬ ತೀರ್ಮಾನ ಅವಳದು. ಅವಳು ಬಂದರೆ ನಮ್ಮ ಮನೆಯ ಬಾಗಿಲು ತೆರೆದೇ ಇದೆ.

ಇದನ್ನು ಇಲ್ಲಿ ಬರೆಯಲು ಕಾರಣವಿದೆ. ನಮ್ಮ ಸಮಾಜದ ಅನೇಕ ಮನೆಗಳ ಮಕ್ಕಳು ಈಗ ದೂರದೇಶಗಳಲ್ಲಿದ್ದಾರೆ. ಸಾವುನೋವು ಅವರನ್ನು ಅಲ್ಲಿಯೂ ಹುಡುಕಿಕೊಂಡು ಬರುತ್ತವೆ. ಆಗ ಇಲ್ಲಿರುವ ಹಿರಿಯರು ಪ್ರೀತಿಯಿಂದಲೇ ಅವಸರ ಪಡುತ್ತಾರೆ. ತೀರಿಕೊಂಡವರ ಹೆಸರನ್ನು ಮಕ್ಕಳ ಮುಂದೆ ಎತ್ತಬಾರದು, ಫೋಟೋ ತೆಗೆದಿಡಬೇಕು, ಊರು ಬದಲಿಸಬೇಕು ಎಂಬ ಸಲಹೆಗಳು ಬರುತ್ತವೆ. ಗಾಲ್ಟ್ಯೂರಿನ ಜನ ಮಾಡಿದ್ದು ಬೇರೆ. ಅವರು ಗೋಡೆಯನ್ನು ಬೆಟ್ಟದ ಕಡೆಗೆ ಕಟ್ಟಿದರು, ಬಾಗಿಲನ್ನು ಊರಿನ ಕಡೆಗೆ ಇಟ್ಟರು. ಬರಬಹುದಾದ ಕೇಡಿಗೆ ತಡೆ ಬೇಕು. ಆಗಿಹೋದುದರ ನೆನಪಿಗೆ ತಡೆ ಬೇಡ. ಉಳಿದವರ ಕೈಗೆ ಕೆಲಸ ಬೇಕು, ಪಕ್ಕದಲ್ಲಿ ಕೇಳುವ ಕಿವಿ ಬೇಕು, ತೀರ್ಮಾನಕ್ಕೆ ಸಮಯ ಬೇಕು.

ಹೋಗಬಯಸುವ ವಾಚಕ ಬಂಧುಗಳಿಗೆ ಎರಡು ಸೂಚನೆ. ಹಿಮ ನೋಡಬೇಕಾದರೆ ಮಾರ್ಚ್ ತಿಂಗಳು ಒಳ್ಳೆಯದು. ಹಗಲು ಉದ್ದ, ಬಿಸಿಲು ಹಿತ. ಹಸಿರು, ದನಗಳ ಗಂಟೆಯ ನಾದ, ಬೆಟ್ಟದ ಹೂವು ಬೇಕಾದರೆ ಜುಲೈ, ಆಗಸ್ಟ್ ತಿಂಗಳುಗಳು. ಆಗ ಸಿಲ್ವ್ರೆಟ್ಟಾ ಘಟ್ಟದ ರಸ್ತೆಯೂ ತೆರೆದಿರುತ್ತದೆ. ಬೆಚ್ಚನೆಯ ಬಟ್ಟೆ, ಹಿಡಿತವುಳ್ಳ ಬೂಟು ಕಡ್ಡಾಯ. ಗೋಡೆಯೊಳಗಿನ ಸಂಗ್ರಹಾಲಯಕ್ಕೆ ಅರ್ಧ ದಿನ ತೆಗೆದಿಡಬೇಕು. ಚರ್ಚಿನ ಸ್ಮಶಾನದಲ್ಲಿ ಹಾದು ಹೋಗುವಾಗ ದನಿ ತಗ್ಗಿಸಬೇಕು. ಅಲ್ಲಿ ದೀಪ ಹಚ್ಚಲು ಬಂದವರು ಯಾರಾದರೂ ಇದ್ದೇ ಇರುತ್ತಾರೆ.